ಆಯಿಯ ಹತ್ತು ರೊಟ್ಟಿ: ಮೊಣಕಾಲು ನೋವಿನ ಒಂದು ಸೂಜಿ ಪರೀಕ್ಷೆ

"ಎಷ್ಟು ಕಡಿಮಿ ಆಗ್ಯದ ಆಯಿ?" ಎಂದು ಕೇಳಿದೆ. ಸೂಜಿ ಹಾಕಿ ಇಪ್ಪತ್ತು ನಿಮಿಷವಾಗಿತ್ತು. ಅವರು ಮೇಜಿನ ಮೇಲೆ ಮಲಗಿದ್ದಂತೆಯೇ ಬಲಗಾಲನ್ನು ಎತ್ತಿ ಇಳಿಸಿ, "ಭಾಳ ಕಡಿಮಿ ಆಗ್ಯದರಿ ಸಾಹೇಬ್ರ, ರೂಪಾಯಿದಾಗ ಹನ್ನೆರಡಾಣೆ ಹೋಗ್ಯದ" ಎಂದರು. ನಾನು ಕೇಸ್ ಪೇಪರಿನಲ್ಲಿ ಶೇ. 75 ಎಂದು ಬರೆದೆ. ಮುಂದಿನ ವಾರದ ಚಿಕಿತ್ಸೆಯ ಪಟ್ಟಿಗೆ ಅವರ ಹೆಸರನ್ನೂ ಸೇರಿಸಿದೆ.

ಅರ್ಧ ತಾಸಿನ ಮೇಲೆ ನಮ್ಮ ಸಿಸ್ಟರ್ ಒಳಗೆ ಬಂದರು. ಆಯಿ ಹೊರಗಿನ ಕಟ್ಟೆಯ ಮೇಲಿಂದ ಏಳುವಾಗ ಸೊಸೆಯ ಹೆಗಲು ಹಿಡಿದು "ಯವ್ವಾ" ಎಂದದ್ದನ್ನು ಅವರು ಕೇಳಿಸಿಕೊಂಡಿದ್ದರು. ಹತ್ತಿರ ಹೋಗಿ ವಿಚಾರಿಸಿದಾಗ ಆಯಿ ಹೇಳಿದ್ದು ಇಷ್ಟು: "ಸಾಹೇಬ್ರು ಅಷ್ಟ ಪ್ರೀತಿಲೆ ಕೇಳ್ತಾರ ತಂಗಿ, ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಈ ಬರಹ ಆ ಒಂದು ಮಾತಿನಿಂದ ಹುಟ್ಟಿದ್ದು. ಕಲಬುರಗಿಯಲ್ಲಿ ನೋವಿನ ಚಿಕಿತ್ಸೆ ಮಾಡುವ ಅರಿವಳಿಕೆ ವೈದ್ಯ ನಾನು. ಆಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ವಾರ್ಡಿನಲ್ಲಿ ಎಲ್ಲರೂ ಕರೆದಂತೆ ಇಲ್ಲಿಯೂ ಅವರು ಆಯಿಯೇ.

ವಯಸ್ಸು 61. ಆಳಂದ ತಾಲ್ಲೂಕಿನ ಹಳ್ಳಿ. ದಿನಕ್ಕೆ ನೂರರ ಮೇಲೆ ಜೋಳದ ರೊಟ್ಟಿ ಬಡಿಯುತ್ತಾರೆ. ಮಗ ಅದನ್ನು ಬುಟ್ಟಿಯಲ್ಲಿ ಕಟ್ಟಿಕೊಂಡು ಶಹರದ ಖಾನಾವಳಿಗಳಿಗೆ ಕೊಟ್ಟು ಬರುತ್ತಾನೆ. ಮನೆ ನಡೆಯುವುದು ಇದರ ಮೇಲೆ, ಎರಡೆಕರೆ ತೊಗರಿಯ ಮೇಲೆ. ಬಲ ಮೊಣಕಾಲಿನ ಒಳಮಗ್ಗುಲ ನೋವು ಶುರುವಾಗಿ ಆರು ವರ್ಷ. ಹಳ್ಳಿಯ ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ತಂದು ದಿನಕ್ಕೆರಡರಂತೆ ಎರಡು ವರ್ಷ ನುಂಗಿದ್ದರು. ಬಿಪಿ ಇದೆ, ಸಕ್ಕರೆ ಕಾಯಿಲೆ ಇದೆ. ನಮ್ಮಲ್ಲಿಗೆ ಬಂದಾಗ ಕ್ರಿಯಾಟಿನಿನ್ 1.6 ಇತ್ತು. ಮೂತ್ರಪಿಂಡಕ್ಕೆ ಪೆಟ್ಟು ಬೀಳಲು ಶುರುವಾಗಿದೆ ಎಂದು ಅರ್ಥ. ಇದನ್ನು ನೋಡಿದ ದಿನವೇ ಗುಳಿಗೆ ನಿಲ್ಲಿಸಿದೆ. ನಿಲ್ಲಿಸಿದರೆ ನೋವಿಗೆ ಏನು ಕೊಡುವುದು ಎಂಬ ಪ್ರಶ್ನೆಯೂ ಅದೇ ದಿನ ಎದ್ದಿತು.

ಆಯಿಯನ್ನು ನೆಟ್ಟಗೆ ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಒಳಮಗ್ಗುಲ ಸಂದು ಕಿರಿದಾಗಿತ್ತು, ಅಂಚಿನಲ್ಲಿ ಎಲುಬಿನ ಮುಳ್ಳುಗಳು ಬೆಳೆದಿದ್ದವು. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಹಾಕಿಕೊಟ್ಟ, ಸೊನ್ನೆಯಿಂದ ನಾಲ್ಕರವರೆಗಿನ ಶ್ರೇಣಿಯಲ್ಲಿ ಇದು ಮೂರನೆಯದು. ಮೂಳೆ ವೈದ್ಯ ಮಿತ್ರರು ಮೊಣಕಾಲು ಬದಲಾವಣೆಯ ಮಾತೆತ್ತಿದರು. ಸಲಹೆ ತಪ್ಪಲ್ಲ. ಆದರೆ ಆಯಿ ಕೇಳಿದ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ: "ಆಪರೇಶನ್ ಆದ ಮ್ಯಾಲ ನೆಲಕ್ಕ ಕೂಡಬ್ಯಾಡ ಅಂತೀರಿ. ನೆಲಕ್ಕ ಕೂಡದ ನಾ ರೊಟ್ಟಿ ಹ್ಯಾಂಗ ಬಡೀಲಿ?" ಸ್ಟೀರಾಯ್ಡ್ ಸೂಜಿ ಒಮ್ಮೆ ಬೇರೆ ಕಡೆ ಹಾಕಿಸಿಕೊಂಡಿದ್ದರು. ಒಂದೂವರೆ ತಿಂಗಳು ಆರಾಮಾಗಿತ್ತು, ಜತೆಗೆ ಒಂದು ವಾರ ಸಕ್ಕರೆ ಏರಿ ತಲೆ ಸುತ್ತಿತ್ತು. 2017ರಲ್ಲಿ ಪ್ರಕಟವಾದ, ಅಮೆರಿಕದ ವೈದ್ಯರು 140 ಜನರ ಮೇಲೆ ಎರಡು ವರ್ಷ ನಡೆಸಿದ ಪರೀಕ್ಷೆಯಲ್ಲಿ ಮೂರು ತಿಂಗಳಿಗೊಮ್ಮೆ ಸ್ಟೀರಾಯ್ಡ್ ಹಾಕಿಸಿಕೊಂಡವರ ಮೃದ್ವಸ್ಥಿ ಉಪ್ಪುನೀರು ಹಾಕಿಸಿಕೊಂಡವರಿಗಿಂತ ಹೆಚ್ಚು ಸವೆದಿತ್ತು, ನೋವಿನಲ್ಲಿ ಮಾತ್ರ ಫರಕು ಇರಲಿಲ್ಲ. ಆ ದಾರಿಯನ್ನು ಮತ್ತೆ ಹಿಡಿಯುವ ಮನಸ್ಸು ನನಗಿರಲಿಲ್ಲ.

ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಮೊಣಕಾಲಿನ ಸಣ್ಣ ರಕ್ತನಾಳಗಳಿಗೆ ತೊಡೆಯ ಕಡೆಯಿಂದ ನಳಿಕೆ ಬಿಟ್ಟು, ಸೂಕ್ಷ್ಮ ಕಣಗಳಿಂದ ಅವನ್ನು ಮುಚ್ಚುವ ಚಿಕಿತ್ಸೆ. ಉರಿಯೂತದ ಜಾಗದಲ್ಲಿ ಹೊಸದಾಗಿ ಹುಟ್ಟುವ ರಕ್ತನಾಳಗಳ ಜತೆ ನೋವಿನ ನರದ ಎಳೆಗಳೂ ಬೆಳೆಯುತ್ತವೆ, ನಾಳ ಮುಚ್ಚಿದರೆ ನೋವೂ ಇಳಿಯಬೇಕು ಎಂಬುದು ಇದರ ಹಿಂದಿನ ಯೋಚನೆ. ಜಪಾನಿನ ಯುಜಿ ಒಕುನೊ 2015ರ ಹೊತ್ತಿಗೆ 14 ಜನರ ಅನುಭವ ಪ್ರಕಟಿಸಿ ಇದನ್ನು ಮುಂದೆ ತಂದರು. ಯೋಚನೆ ಚೆನ್ನಾಗಿದೆ. ಆದರೆ ನೆದರ್ಲೆಂಡ್ಸಿನ ರೋಟರ್‌ಡ್ಯಾಮಿನಲ್ಲಿ ಅರ್ಧ ಜನಕ್ಕೆ ನಿಜವಾದ ಚಿಕಿತ್ಸೆ, ಅರ್ಧ ಜನಕ್ಕೆ ಬರೀ ಅದರ ನಟನೆ ಮಾಡಿ ನೋಡಿದಾಗ ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ಸಮ ಆರಾಮಾಯಿತು. ಸಾಲದ್ದಕ್ಕೆ ನಾಳಗಳನ್ನು ನೋಡಲು ಬಣ್ಣದ ದ್ರಾವಣ ಬಿಡಬೇಕು, 1.6 ಕ್ರಿಯಾಟಿನಿನ್ ಇರುವವರಿಗೆ ಅದು ಸುಮ್ಮನೆ ಕೊಡುವ ವಸ್ತುವಲ್ಲ. ಮಗನಿಗೆ ಕೂತು ಬಿಡಿಸಿ ಹೇಳಿದೆ. ಒಪ್ಪಿದ.

ಉಳಿದದ್ದು ನರಗಳ ದಾರಿ. ಮೊಣಕಾಲಿನ ನೋವನ್ನು ಮೇಲಕ್ಕೆ ಒಯ್ಯುವ ಸಣ್ಣ ನರಗಳಿಗೆ ಜೆನಿಕ್ಯುಲರ್ ನರಗಳು ಎನ್ನುತ್ತಾರೆ. ಅವುಗಳಲ್ಲಿ ಮೂರನ್ನು, ಅಂದರೆ ಮೇಲಿನ ಒಳಮಗ್ಗುಲಿನದು, ಮೇಲಿನ ಹೊರಮಗ್ಗುಲಿನದು, ಕೆಳಗಿನ ಒಳಮಗ್ಗುಲಿನದು, ಸೂಜಿಯ ತುದಿಯ ಬಿಸಿಯಿಂದ ಸುಟ್ಟು ಕೆಲವು ತಿಂಗಳು ಸುಮ್ಮನಾಗಿಸುವುದೇ ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆ. ಕೆಳಗಿನ ಹೊರಮಗ್ಗುಲಿನದನ್ನು ಮುಟ್ಟುವುದಿಲ್ಲ. ಪಾದವನ್ನು ಎತ್ತುವ ದೊಡ್ಡ ನರ ಅಲ್ಲೇ ಪಕ್ಕದಲ್ಲಿ ಹಾಯ್ದುಹೋಗುತ್ತದೆ, ಅದಕ್ಕೆ ಬಿಸಿ ತಾಗಿದರೆ ಪಾದ ಜೋತುಬೀಳುತ್ತದೆ. ಕೊರಿಯಾದಲ್ಲಿ 38 ಜನರ ಮೇಲೆ ಮೊದಲ ಬಾರಿ ಇದನ್ನು ನಟನೆಯ ಚಿಕಿತ್ಸೆಯೊಡನೆ ಹೋಲಿಸಿ ನೋಡಿದ ಪರೀಕ್ಷೆ 2011ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ 151 ಜನರ ಪರೀಕ್ಷೆಯಲ್ಲಿ, ಆರು ತಿಂಗಳಿಗೆ ನೋವು ಅರ್ಧಕ್ಕೆ ಇಳಿದವರು ನರ ಸುಟ್ಟ ಗುಂಪಿನಲ್ಲಿ ಶೇ. 74, ಸ್ಟೀರಾಯ್ಡ್ ಗುಂಪಿನಲ್ಲಿ ಶೇ. 16. ಸವೆದ ಕೀಲು ಇದರಿಂದ ಸರಿಹೋಗುವುದಿಲ್ಲ. ನರ ಮತ್ತೆ ಬೆಳೆಯುತ್ತದೆ, ನೋವು ಮರಳಬಹುದು. ಇದನ್ನು ಮೊದಲ ದಿನವೇ ಹೇಳದ ವೈದ್ಯನು ರೋಗಿಗೆ ಅನ್ಯಾಯ ಮಾಡಿದಂತೆ ಎಂದು ನಾನು ನಂಬಿದ್ದೇನೆ.

ಸುಡುವ ಮೊದಲು ಒಂದು ಪರೀಕ್ಷೆ ಇದೆ. ಅದೇ ಮೂರು ಜಾಗಕ್ಕೆ ಮರಗಟ್ಟಿಸುವ ಔಷಧಿಯನ್ನು ಒಂದೊಂದು ಎಂಎಲ್ ಮಾತ್ರ ಬಿಟ್ಟು, ನೋವು ಅರ್ಧಕ್ಕಿಂತ ಇಳಿಯುತ್ತದೆಯೋ ನೋಡುವುದು. ಹೆಚ್ಚು ಬಿಟ್ಟರೆ ಔಷಧಿ ಸುತ್ತ ಹರಡಿ ಯಾವ ನರದ ಮಾತು ಕೇಳುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಇಳಿದರೆ ಸುಡು, ಇಳಿಯದಿದ್ದರೆ ಬಿಡು. ಆ ಪರೀಕ್ಷೆಯಲ್ಲೇ ನಾನು ಎಡವಿದ್ದು.

ತಪ್ಪು ಎಲ್ಲಿತ್ತು

ಆಯಿ ಸುಳ್ಳು ಹೇಳಲಿಲ್ಲ. ನಾನು ಕೇಳಿದ ರೀತಿಗೆ ಬೇರೆ ಉತ್ತರವೇ ಇರಲಿಲ್ಲ. "ಎಷ್ಟು ಕಡಿಮಿ ಆಗ್ಯದ" ಎಂದು ಕೇಳುವಾಗಲೇ ಕಡಿಮೆಯಾಗಿದೆ ಎಂದು ನಾನೇ ಹೇಳಿಬಿಟ್ಟಿದ್ದೆ. ಕೇಳಿದವನು ಸೂಜಿ ಹಾಕಿದ ವೈದ್ಯ. ಕೇಳಿದ್ದು ಮಲಗಿದ್ದಾಗ, ಅದೂ ನೋವೇ ಬಾರದ ಭಂಗಿಯಲ್ಲಿ. ನಮ್ಮ ಕಡೆ ಹಿರಿಯರು ಉಪಕಾರ ಮಾಡಿದವರ ಮುಖಕ್ಕೆ "ಇಲ್ಲ" ಎನ್ನುವುದಿಲ್ಲ. ಇದು ಗೊತ್ತಿದ್ದೂ ನಾನು ಅಂಕಿ ಬರೆದುಕೊಂಡೆ.

ಈ ನಂಬಿಕೆಯ ಬಲ ಎಷ್ಟು ಎಂಬುದಕ್ಕೆ ಮೊಣಕಾಲಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಕೀಲಿನಲ್ಲಿಲ್ಲ. 2002ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಬ್ರೂಸ್ ಮೋಸ್ಲಿ ಎಂಬ ಶಸ್ತ್ರವೈದ್ಯರು 180 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದುರ್ಬೀನು ಹಾಕಿ ಕೀಲನ್ನು ಕೆರೆದು ಸ್ವಚ್ಛ ಮಾಡಿದರು, ಇನ್ನೊಂದಕ್ಕೆ ಬರೀ ತೊಳೆದರು, ಮೂರನೆಯದಕ್ಕೆ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಹೊಲಿದು ಕಳಿಸಿದರು. ಎರಡು ವರ್ಷ ನೋಡಿದರೂ ಮೊದಲ ಎರಡು ಗುಂಪಿನವರು ಮೂರನೆಯ ಗುಂಪಿನವರಿಗಿಂತ ಮುಂದೆ ಹೋಗಲಿಲ್ಲ. ಆ ಮೂರನೆಯ ಗುಂಪಿನವರು ಮೂರ್ಖರಲ್ಲ, ಅವರ ಆರಾಮ ನಾಟಕವೂ ಅಲ್ಲ. ನೋವು ಎಂಬುದು ಕೀಲಿನಲ್ಲಿ ಎಷ್ಟಿದೆಯೋ ಭರವಸೆಯಲ್ಲೂ ಅಷ್ಟಿದೆ. ಆದರೆ ಮೂರು ಕಡೆ ನರ ಸುಡುವ ಮೊದಲು, ಇಳಿದದ್ದು ಔಷಧಿಯಿಂದಲೋ ನನ್ನ ಮುಖ ನೋಡಿಯೋ ಎಂಬುದು ನನಗೆ ತಿಳಿಯಲೇಬೇಕಿತ್ತು.

ಇನ್ನೊಂದು ತೊಡಕು ಅಳತೆಗೋಲಿನದು. ಮೊಣಕಾಲಿನ ಸಂಶೋಧನೆಯಲ್ಲಿ ಬಹಳ ಕಡೆ ಬಳಸುವ ವೊಮ್ಯಾಕ್ ಎಂಬ ಪ್ರಶ್ನಾವಳಿ ಕೆನಡಾದಲ್ಲಿ ಹುಟ್ಟಿದ್ದು. 24 ಪ್ರಶ್ನೆ: ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ಕೆಲಸದ ಬಗ್ಗೆ 17. ಸಾಕ್ಸ್ ಹಾಕಿಕೊಳ್ಳುವುದು, ಕಾರು ಹತ್ತಿ ಇಳಿಯುವುದು, ಸ್ನಾನದ ತೊಟ್ಟಿಯೊಳಗೆ ಇಳಿದು ಏಳುವುದು, ಎಲ್ಲ ಇದೆ. ನೆಲದ ಮೇಲೆ ಒಂದು ಕಾಲು ಮಡಚಿ ಕೂತು ಎರಡು ತಾಸು ರೊಟ್ಟಿ ಬಡಿದು ಏಳುವುದು ಅದರಲ್ಲಿಲ್ಲ. ಹತ್ತರ ಮಾಪನವೂ ಆಯಿಗೆ ಹೊಂದಲಿಲ್ಲ. "ಹತ್ತಕ್ಕ ಎಷ್ಟು" ಎಂದರೆ ಮಗನ ಮುಖ ನೋಡುತ್ತಿದ್ದರು. ಆಣೆಯ ಲೆಕ್ಕ ಮಾತ್ರ ಬಾಯಲ್ಲೇ ಇತ್ತು: ನಾಕಾಣೆ, ಎಂಟಾಣೆ, ಹನ್ನೆರಡಾಣೆ, ಪೂರಾ ರೂಪಾಯಿ. ನಾಲ್ಕೇ ಮೆಟ್ಟಿಲಿನ ಅಳತೆ, ಒರಟು ಹೌದು. ಆದರೆ ಪ್ರತಿ ಮೆಟ್ಟಿಲೂ ಅವರದೇ ಆದ್ದರಿಂದ ನಾನು ಅದನ್ನೇ ಹಿಡಿದೆ.

ಕ್ಯಾಂಟೀನಿನ ಹಿಂದಿನ ಕೋಣೆ

ಸಿಸ್ಟರ್ ಕೊಟ್ಟ ಸಲಹೆ ಇದು: "ಸಾರ್, ಬ್ಯಾನಿ ರೊಟ್ಟಿ ಬಡಿಯೋವಾಗ ಬರ್ತದಂದ್ರ, ರೊಟ್ಟಿ ಬಡಿಸೇ ನೋಡ್ರಿ." ಆಸ್ಪತ್ರೆಯ ಕ್ಯಾಂಟೀನಿನವರು ಹಿಂದಿನ ಕೋಣೆ ಬಿಟ್ಟುಕೊಟ್ಟರು. ನೆಲದ ಮೇಲೆ ಗ್ಯಾಸ್ ಒಲೆ, ಹಂಚು, ಪರಾತದಲ್ಲಿ ಜೋಳದ ಹಿಟ್ಟು, ಕುದಿಯುವ ಎಸರು, ಮಡಚಿದ ಗೋಣಿಚೀಲ. ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ.

ಮೊದಲು ಸೂಜಿ ಇಲ್ಲದೆ ಹತ್ತು ರೊಟ್ಟಿ. ನನ್ನ ಹನ್ನೊಂದು ವರ್ಷದ ಕೆಲಸದಲ್ಲಿ ಮೊಣಕಾಲನ್ನು ಹೀಗೆ ನೋಡಿದ್ದೇ ಇಲ್ಲ. ಆಯಿ ಬಲಗಾಲನ್ನು ಅಡಿಗೆ ಮಡಚಿ, ಎಡ ಮೊಣಕಾಲನ್ನು ಎತ್ತಿ ಕೂತರು. ಹಿಟ್ಟಿನ ಉಂಡೆಯನ್ನು ಬಡಿಯುವಾಗ ಮೈ ನೆಟ್ಟಗಿರುತ್ತದೆ, ನೋವಿಲ್ಲ. ಆದರೆ ಬಡಿದ ರೊಟ್ಟಿಯನ್ನು ಎರಡು ಅಂಗೈ ಮೇಲೆ ತೆಗೆದು ಹಂಚಿಗೆ ಹಾಕಲು ಮುಂದೆ ಬಾಗಿದಾಗ ಇಡೀ ಮೈಭಾರ ಮಡಚಿದ ಬಲ ಮೊಣಕಾಲಿನ ಒಳಮಗ್ಗುಲ ಮೇಲೆ ಹೊರಳುತ್ತದೆ. ಒಂದೊಂದು ರೊಟ್ಟಿಗೆ ಎರಡು ಸಲ: ಹಾಕುವಾಗ ಒಮ್ಮೆ, ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವುವಾಗ ಒಮ್ಮೆ. ನೂರು ರೊಟ್ಟಿಗೆ ಇನ್ನೂರು ಸಲ. ನಾಲ್ಕನೆಯ ರೊಟ್ಟಿಗೆ ಹಲ್ಲು ಕಚ್ಚಿದರು, ಏಳನೆಯದಕ್ಕೆ ಕಾಲು ಬದಲಿಸಿದರು. ಏಳುವಾಗ ಮೊದಲು ಬಲಗೈ ನೆಲಕ್ಕೆ, ಆಮೇಲೆ ಎಡ ಅಂಗೈ ಎಡ ಮೊಣಕಾಲಿನ ಮೇಲೆ, ಕೊನೆಗೆ ಗೋಡೆ. 14 ಸೆಕೆಂಡು ಹಿಡಿಯಿತು. ಸಿಸ್ಟರ್ ಕೇಳಿದ್ದು ಬೇರೆ ಮಾತಿನಲ್ಲಿ: "ಬ್ಯಾನಿ ಈಗ ಎಷ್ಟಾಣೆ ಅದ?" ಉತ್ತರ ಹನ್ನೆರಡಾಣೆ.

ಆಮೇಲೆ ಸೂಜಿ. ಇಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡೆವು. ವಾರದ ಅಂತರದಲ್ಲಿ ಎರಡು ಸಲ ಪರೀಕ್ಷೆ. ಒಂದು ದಿನ ಲಿಗ್ನೋಕೇನ್, ಒಂದು ದಿನ ಬುಪಿವಕೇನ್, ಎರಡೂ ಮರಗಟ್ಟಿಸುವ ಔಷಧಿಗಳೇ. ಲಿಗ್ನೋಕೇನಿನ ಜೋಮು ಒಂದೆರಡು ತಾಸಿನದು, ಬುಪಿವಕೇನಿನದು ಅದರ ಎಷ್ಟೋ ಪಟ್ಟು. ಆರಾಮದ ಹೊತ್ತು ಆಯಾ ಔಷಧಿಯ ಹೊತ್ತಿಗೆ ಹೊಂದಿದರೆ, ನೋವು ಇಳಿಸಿದ್ದು ಔಷಧಿಯೇ ಎಂದು ನಂಬಬಹುದು. ಬೆನ್ನುಮೂಳೆಯ ಸಣ್ಣ ಕೀಲುಗಳ ನೋವಿಗೆ ಈ ಹೋಲಿಕೆಯ ವಿಧಾನ 1990ರ ದಶಕದಿಂದ ಬಳಕೆಯಲ್ಲಿದೆ. ಯಾವ ದಿನ ಯಾವುದು ಎಂಬುದನ್ನು ಔಷಧಿ ತುಂಬಿಕೊಟ್ಟ ಇನ್ನೊಬ್ಬ ಸಿಸ್ಟರ್ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿದರು. ನನಗೂ ಗೊತ್ತಿಲ್ಲ, ಆಯಿಗೂ ಗೊತ್ತಿಲ್ಲ, ಕೇಳುವ ಸಿಸ್ಟರಿಗೂ ಗೊತ್ತಿಲ್ಲ. ಬರೀ ನೀರು ಹಾಕಿ ನೋಡಬಹುದಿತ್ತು. ನನಗೆ ಮನಸ್ಸಾಗಲಿಲ್ಲ, ಸಂಬಳವಿಲ್ಲದ ದಿನ ಮಾಡಿಕೊಂಡು ಆಳಂದದ ಕಡೆಯಿಂದ ಬಸ್ಸಿನಲ್ಲಿ ಬಂದವರಿಗೆ ಖಾಲಿ ಸೂಜಿ ಚುಚ್ಚಿ ಕಳಿಸಲು. ಎರಡರಲ್ಲೂ ಔಷಧಿಯೇ ಇರುತ್ತದೆ, ಇರುವ ಹೊತ್ತು ಮಾತ್ರ ಬೇರೆ ಎಂದು ಆಯಿಗೆ ಹೇಳಿದೆವು. ಸೊಸೆ ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿದರು. ಆಯಿ ನಡುವೆ ಎರಡು ಸಲ ತಡೆದು ಕೇಳಿ, ಹೆಬ್ಬೆಟ್ಟು ಒತ್ತಿದರು.

ಮೊದಲ ದಿನ ಸೂಜಿ ಬಿದ್ದದ್ದು ಬೆಳಿಗ್ಗೆ ಹತ್ತಕ್ಕೆ. ಅರ್ಧ ತಾಸಿನ ಮೇಲೆ ಮತ್ತೆ ಹತ್ತು ರೊಟ್ಟಿ. ಕಾಲು ಬದಲಿಸಲಿಲ್ಲ. ಏಳಲು 6 ಸೆಕೆಂಡು, ಗೋಡೆ ಬೇಕಾಗಲಿಲ್ಲ. "ಎಷ್ಟಾಣೆ ಅದ?" "ನಾಕಾಣೆ ಅದ ತಂಗಿ. ಒಳಮಗ್ಗುಲು ಸುಮ್ಮನಾಗ್ಯದ. ಮುಂದ ಚಿಪ್ಪಿನ್ಯಾಗ ಇನ್ನಾ ಹಿಡೀತದ." ಹೇಳುತ್ತಾ ಒಂದೇ ಬೆರಳಿನಿಂದ ಮೊಣಕಾಲ ಚಿಪ್ಪಿನ ಕೆಳ ಅಂಚನ್ನು ಮುಟ್ಟಿ ತೋರಿಸಿದರು. ಸೊಸೆ ಮಗುವಿನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಹೊತ್ತು ಬರೆದುಕೊಳ್ಳುತ್ತಾ ಹೋದರು. ನೋವು ಮರಳಿದ್ದು ಹನ್ನೆರಡಕ್ಕೆ ಕಾಲು ತಾಸು ಇರುವಾಗ. ಮುಂದಿನ ವಾರ ಅದೇ ಹೊತ್ತಿಗೆ ಸೂಜಿ, ಅದೇ ಹತ್ತು ರೊಟ್ಟಿ, ಅದೇ ನಾಕಾಣೆ, ಬೆರಳು ಅದೇ ಚಿಪ್ಪಿನ ಅಂಚಿಗೆ. ಆ ದಿನ ನೋವು ಮರಳಿದ್ದು ಸಂಜೆ ನಾಲ್ಕೂವರೆಗೆ, ಊರಿನಲ್ಲಿ ಬಸ್ಸಿಳಿದ ಮೇಲೆ. ಲಕೋಟೆ ಒಡೆದೆವು. ಮೊದಲ ದಿನದ್ದು ಲಿಗ್ನೋಕೇನ್, ಎರಡನೆಯದು ಬುಪಿವಕೇನ್.

ಎರಡೇ ಸಲದ ಪರೀಕ್ಷೆಯಲ್ಲಿ ಹೊತ್ತು ಸರಿಯಾಗಿ ಕೂಡಿಬರಲು ಅದೃಷ್ಟಕ್ಕೂ ಅರ್ಧ ಪಾಲಿರುತ್ತದೆ, ಅದನ್ನು ನಾನು ಮರೆತಿಲ್ಲ. ನನಗೆ ಹೆಚ್ಚು ನಂಬಿಕೆ ತಂದದ್ದು ಗಡಿಯಾರವಲ್ಲ, ಆ ಬೆರಳು. ಎರಡೂ ದಿನ ಹೋದ ನೋವು ಒಂದೇ ಜಾಗದ್ದು, ಉಳಿದ ನೋವೂ ಒಂದೇ ಜಾಗದ್ದು. ದಾಕ್ಷಿಣ್ಯಕ್ಕೆ ಹೇಳುವವರು ಹೀಗೆ ಜಾಗ ಬಿಡಿಸಿ ಹೇಳುವುದಿಲ್ಲ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಈ ಸೂಜಿ ಪರೀಕ್ಷೆ ಮಾಡಿದವರಿಗೂ ಮಾಡದೆ ನೇರವಾಗಿ ನರ ಸುಟ್ಟವರಿಗೂ ಆರು ತಿಂಗಳ ಫಲದಲ್ಲಿ ಫರಕಿಲ್ಲ ಎಂದು 2018ರಲ್ಲಿ ಅಮೆರಿಕದಲ್ಲಿ 54 ಜನರ ಪರೀಕ್ಷೆಯೊಂದು ತೋರಿಸಿದೆ. ಅಲ್ಲಿಯೂ ಮಿತಿ ಅರ್ಧ ನೋವು ಇಳಿಯುವುದೇ. ಹಾಗಾದರೆ ಆಯಿಗೆ ಎರಡು ಸೂಜಿ ಹೆಚ್ಚಿಗೆ ಚುಚ್ಚಿದ್ದು ಏಕೆ ಎಂದು ಕೇಳಬಹುದು, ಸಹೋದ್ಯೋಗಿಯೊಬ್ಬರು ಕೇಳಿದರು ಕೂಡ. ಗುಂಪಿನ ಸರಾಸರಿಗೆ ಬೇಡವಾದದ್ದು ಈ ಒಬ್ಬರಿಗೆ ಬೇಕಿತ್ತು ಎಂಬುದು ನನ್ನ ಉತ್ತರ. ಸುಡುವ ಮೊದಲೇ ಅವರಿಗೆ ನಾನು "ಹನ್ನೆರಡಾಣೆದಾಗ ಎಂಟಾಣೆ ಹೋಗಬಹುದು, ಚಿಪ್ಪಿನ ನಾಕಾಣೆ ಉಳೀತದ, ಅದಕ್ಕ ಸೂಜಿ ಅಲ್ಲ, ತೊಡಿ ಗಟ್ಟಿ ಮಾಡೋ ಕಸರತ್ತು" ಎಂದು ಹೇಳಬಲ್ಲವನಾದೆ. ಮೊದಲ ದಿನದ ಶೇ. 75ನ್ನು ನಂಬಿದ್ದರೆ ಹೀಗೆ ಹೇಳಲು ನನ್ನ ಬಳಿ ಏನೂ ಇರುತ್ತಿರಲಿಲ್ಲ.

ಸುಟ್ಟ ದಿನ ಮತ್ತು ಆಮೇಲೆ

ಏಪ್ರಿಲ್ ಕೊನೆ. ಸಿ-ಆರ್ಮ್ ಎಕ್ಸ್‌ರೇ ನೋಡುತ್ತಾ ಮೂರು ಸೂಜಿ ಇಟ್ಟೆ. ಸುಡುವ ಮೊದಲು ಸಣ್ಣ ಕರೆಂಟು ಬಿಟ್ಟು ನೋವಿನ ಜಾಗದಲ್ಲೇ ಜುಮ್ಮೆನ್ನುತ್ತದೆಯೇ ಎಂದು ಕೇಳಿಕೊಂಡು, ಸ್ನಾಯು ಕುಣಿಯುವುದಿಲ್ಲ ಎಂದು ಕಣ್ಣಾರೆ ನೋಡಿ, ಒಂದೊಂದು ಕಡೆ 80 ಡಿಗ್ರಿಯಲ್ಲಿ 90 ಸೆಕೆಂಡು. ಸಂಜೆಗೆ ಮನೆಗೆ ಹೋದರು. ಮೊದಲ ವಾರ ನೋವು ಹೆಚ್ಚೇ ಇತ್ತು, ಹಾಗಾಗುತ್ತದೆ ಎಂದು ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಒಳಮಗ್ಗುಲ ಚರ್ಮದಲ್ಲಿ ರೂಪಾಯಿ ಅಗಲದ ಜಾಗ ಮೂರು ವಾರ ಜೋಮು ಹಿಡಿದಿತ್ತು.

ತಿಂಗಳಿಗೆ ನಾಕಾಣೆ. ಮೂರು ತಿಂಗಳಿಗೂ ನಾಕಾಣೆ. ಡೈಕ್ಲೋಫೆನಾಕ್ ಮತ್ತೆ ಮುಟ್ಟಿರಲಿಲ್ಲ, ಕ್ರಿಯಾಟಿನಿನ್ 1.3ಕ್ಕೆ ಇಳಿದಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಸಮಾಧಾನ ತಂದ ಅಂಕಿ ಅದು. ಸೊಸೆ ಒಲೆಯನ್ನು ಎರಡು ಸಾಲು ಇಟ್ಟಿಗೆಯ ಮೇಲೆ ಏರಿಸಿ, ಆಯಿಗೆ ಒಂದು ಎತ್ತರದ ಮಣೆ ಮಾಡಿಸಿದ್ದರು. ಟವೆಲ್ ಸುರುಳಿ ಮೊಣಕಾಲ ಕೆಳಗಿಟ್ಟು ಒತ್ತುವ ಕಸರತ್ತನ್ನು ಆಯಿ ಮೊಮ್ಮಗನ ಜತೆ ಎಣಿಸುತ್ತಾ ಮಾಡುತ್ತಿದ್ದರು.

ಡಿಸೆಂಬರಿನಲ್ಲಿ ತೊಗರಿ ಕಟಾವಿಗೆ ಬಂತು, ರಾಶಿಯ ಕೆಲಸ. ಅದರ ಹಿಂದೆಯೇ ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಿರಾಕಿ. ಕಸರತ್ತು ನಿಂತಿತು. ಜನವರಿ ಕೊನೆಗೆ, ಸುಟ್ಟ ಒಂಬತ್ತನೆಯ ತಿಂಗಳಿಗೆ ಆಯಿ ಮತ್ತೆ ಬಂದರು. ಎಂಟಾಣೆ. ನರ ಮತ್ತೆ ಬೆಳೆದಿರಬೇಕು, ಇನ್ನೊಮ್ಮೆ ಸುಡೋಣ ಎಂದು ನಾನು ಮನಸ್ಸಿನಲ್ಲೇ ದಿನ ಗೊತ್ತುಮಾಡಿದ್ದೆ. ಸಿಸ್ಟರ್ ಮಾತ್ರ ಕ್ಯಾಂಟೀನಿನ ಕಡೆ ಕೈ ತೋರಿಸಿದರು.

ಸೂಜಿ ಹಾಕಿ ಅರ್ಧ ತಾಸಿಗೆ ಹತ್ತು ರೊಟ್ಟಿ ಮುಗಿದವು. ಆಯಿ ಎದ್ದು ನಿಂತು, ಸಿಸ್ಟರ್ ಬಾಯಿ ತೆರೆಯುವ ಮೊದಲೇ ಬಾಗಿಲ ಕಡೆ ತಿರುಗಿ ನನ್ನನ್ನೇ ನೋಡಿ ಹೇಳಿದರು: "ಇಲ್ಲರಿ ಸಾಹೇಬ್ರ. ಈ ಸಲ ನಿಮ್ಮ ಸೂಜಿ ಏನೂ ಮಾಡಿಲ್ಲ. ಇದ್ದಲ್ಲೇ ಅದ." ಬೆರಳು ಚಿಪ್ಪಿನ ಕೆಳ ಅಂಚಿನ ಮೇಲಿತ್ತು. ಒಳಮಗ್ಗುಲು ಒತ್ತಿ ನೋಡಿದೆ, ನೋವಿಲ್ಲ. ಬಲತೊಡೆಯ ಸುತ್ತಳತೆ ಎಡದ್ದಕ್ಕಿಂತ ಎರಡು ಸೆಂಟಿಮೀಟರ್ ಇಳಿದಿತ್ತು.

ಪಟ್ಟಿಗೆ ಅವರ ಹೆಸರು ಬರೆಯಲಿಲ್ಲ. ಫಿಸಿಯೋಥೆರಪಿ ಕೋಣೆಗೆ ಚೀಟಿ ಬರೆದುಕೊಟ್ಟೆ. ಆರು ವಾರ ಬಿಟ್ಟು ಮತ್ತೆ ಬರುತ್ತಾರೆ. ಹಂಚು, ಪರಾತ, ಗೋಣಿಚೀಲ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲೇ ಇವೆ.